ಬೊಗಸೆಹೂವಿನ ದಿಣ್ಣೆ

ನಮ್ಮೂರಿನಲ್ಲಿ ಒಂಬತ್ತು ಚಳಿಗಾಲದಾಚೆಗಿನದು ಯಾರಿಗೂ ನೆನಪಿರುವುದಿಲ್ಲ. ಹತ್ತನೆಯ ಸಲ ಕೆರೆ ಹೆಪ್ಪುಗಟ್ಟುವ ಹೊತ್ತಿಗೆ ಮೊದಲನೆಯದು ಸದ್ದಿಲ್ಲದೆ ಎದ್ದು ಹೋಗಿರುತ್ತದೆ. ಹೇಳಿ ಹೇಳಿ ಉಳಿಸಿಕೊಳ್ಳೋಣವೆಂದರೂ ಆಗದು. ಹೆಸರು ನಾಲಿಗೆಯ ತುದಿಗೆ ಬಂದು ಅಲ್ಲೇ ಕರಗಿಬಿಡುತ್ತದೆ. ಇದರಿಂದ ಯಾರಿಗೂ ಹೆಚ್ಚಿನ ತೊಂದರೆಯಾದಂತಿಲ್ಲ, ಆಗಿದ್ದರೂ ನೆನಪಿಲ್ಲ. ಗಂಡ ಹೆಂಡತಿ ಒಂಬತ್ತು ವರ್ಷಕ್ಕೊಮ್ಮೆ ಮತ್ತೆ ಮದುವೆಯಾಗುತ್ತಾರೆ, ಆದದ್ದು ಮರೆತುಹೋದೀತು ಎಂಬ ಮುಂಜಾಗ್ರತೆಗೆ. ಊಟಕ್ಕೆ ಹೋದವರು ಗಂಡಿನ ಹತ್ತಿರ "ಹುಡುಗಿ ಹೇಗೆ, ವಿಚಾರಿಸಿದ್ಯಾ?" ಎಂದು ಕೇಳುವುದು, ಅವನು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು "ನೋಡೋಣ, ಹೊಂದ್ಕೊಂಡು ಹೋಗ್ತಾಳೇನೋ" ಎನ್ನುವುದು ವಾಡಿಕೆ. ಹಳೆಯ ಜಗಳಗಳು ತಾವಾಗಿಯೇ ಮುಗಿಯುತ್ತವೆ. ಹಳೆಯ ಜೋಕುಗಳು ಹೊಸದಾಗಿ ವಾಪಸು ಬರುತ್ತವೆ. ನನ್ನಂಥವನಿಗೆ ಇದಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ.

ಬರೆದಿಡಬಹುದಲ್ಲ ಎಂದು ಕೆಳಸೀಮೆಯ ಕಾಲೇಜಿನಲ್ಲಿ ಗೆಳೆಯರು ಕೇಳುತ್ತಿದ್ದರು. ಬರೆದೇ ಇಟ್ಟಿದ್ದರು. ಐದು ಚಳಿಗಾಲದ ಹಿಂದೆ ನಾನೇ ಕೂತು ಎಲ್ಲ ಮನೆಗಳ ಕಡತಗಳನ್ನೂ ಓದಿದ್ದೇನೆ. ಪ್ರತಿ ಕಡತದಲ್ಲೂ ಊರು ಕಟ್ಟಿದವರು ಆ ಮನೆಯವರೇ. ಪಕ್ಕದ ಮನೆಯವರು ಆಮೇಲೆ ಬಂದು ಬೆಂಕಿ ಕೇಳಿದವರು. ಆ ವರ್ಷ ಉರುವಲು ಸಾಲದೆ ಎಲ್ಲವನ್ನೂ ಒಲೆಗೆ ಹಾಕಿದೆವು. ಚೆನ್ನಾಗಿ ಉರಿದವು. ಒಣ ಸುಳ್ಳು.

ಹೀಗಾಗಿ ಊರಿಗೆ ಸಾಕ್ಷಿಯೆಂದರೆ ಕೆರೆಯೊಂದೇ. ಅದು ವರ್ಷಕ್ಕೊಂದು ಪದರದಂತೆ ಕೆಸರು ಹಾಸಿಕೊಳ್ಳುತ್ತದೆ, ಬೇಸಿಗೆಗೊಂದು ತಿಳಿ ಗೆರೆ, ಚಳಿಗಾಲಕ್ಕೊಂದು ಕಪ್ಪು ಗೆರೆ. ಆಯಾ ವರ್ಷದ ಹೂಗಳ ಪರಾಗ ಆ ಗೆರೆಯೊಳಗೆ ಕೊಳೆಯದೆ ಕೂತಿರುತ್ತದೆ. ನಮ್ಮಲ್ಲಿ ಪ್ರತಿ ಮನೆತನಕ್ಕೂ ಒಂದು ಗಿಡ. ನೆಲೆಸಿದ ಜಾಗದ ಸುತ್ತ ಆ ಗಿಡ ಹಾಕಬೇಕೆಂಬುದು ಕಟ್ಟಳೆ. ಮಂಡಿಯೆತ್ತರ ಮೀರಿದ ಗಿಡ ಇಲ್ಲಿ ಬದುಕುವುದಿಲ್ಲವಾದ್ದರಿಂದ ಮರ ಹತ್ತುವುದು ನಮಗೆ ಗೊತ್ತಿಲ್ಲ, ದಾಟುವುದು ಗೊತ್ತು. ಯಾವುದಾದರೂ ಜಾಗದ ಬಗ್ಗೆ ತಕರಾರು ಬಂದರೆ ಚಳಿಗಾಲದಲ್ಲಿ ಕೆರೆಯ ಮೇಲಿನ ಮಂಜುಗಡ್ಡೆಗೆ ತೂತು ಕೊರೆದು, ಉದ್ದನೆಯ ಕೊಳವೆಯಿಳಿಸಿ, ಕೆಸರಿನ ಕಂಬವೊಂದನ್ನು ಮೇಲೆತ್ತುತ್ತೇವೆ. ಅರವತ್ತನೆಯ ಪದರ, ಅಂದರೆ ಅರವತ್ತು ವರ್ಷದ ಹಿಂದಿನದನ್ನು, ಬಿಡಿಸಿ, ತೊಳೆದು, ತೆಳು ಬಟ್ಟೆಯಲ್ಲಿ ಸೋಸಿ, ಗಾಜಿನ ಮೇಲಿಟ್ಟು ಮುನ್ನೂರು ಪರಾಗದ ಕಾಳು ಎಣಿಸುತ್ತೇವೆ. ಮುನ್ನೂರಕ್ಕೆ ನಿಲ್ಲಿಸುತ್ತೇವೆ. ಯಾರ ಗಿಡದ ಕಾಳು ಹೆಚ್ಚೋ ಜಾಗ ಅವರ ಹಿರಿಯರದು.

ಎಣಿಸುವವನು ನಾನು. ಕೆಳಸೀಮೆಗೆ ಹೋಗಿ ಸಸ್ಯಶಾಸ್ತ್ರದಲ್ಲಿ ಡಿಗ್ರಿ ಮಾಡಿ, ಮಿಮಿಕ್ರಿಯಲ್ಲಿ ಎರಡು ಕಪ್ಪು ಗೆದ್ದು, ಒಂದು ಹಳೆಯ ಸೂಕ್ಷ್ಮದರ್ಶಕವನ್ನು ಕಂಬಳಿಯಲ್ಲಿ ಸುತ್ತಿಕೊಂಡು ವಾಪಸು ಬಂದವನು. ಇನ್ನೊಂದು ವರ್ಷ ಕಳೆದರೆ ಕಾಲೇಜು ಕರಗಲು ಶುರುವಾಗುತ್ತದೆ. ಸರ್ಟಿಫಿಕೇಟು ಮಾತ್ರ ಗೋಡೆಯ ಮೇಲಿರುತ್ತದೆ, ಇದ್ಯಾರ ಹೆಸರಪ್ಪ ಎಂದು ನೋಡಿಕೊಳ್ಳಲು. ಕೆಸರು ಓದುವ ಸಂಕಣ್ಣನವರ ಕೈಕೆಳಗೆ ಕೆಲಸ. ಹೆಸರು ಮಾಡಲು ಹೋದವನು ಕೆಸರು ಮಾಡಿಕೊಂಡ ಎಂದು ನಾನೇ ಹೇಳಿಕೊಂಡು ನಗುತ್ತೇನೆ. ಸಂಕಣ್ಣನವರು ನಗುವುದಿಲ್ಲ. "ಚನ್ನಿಗ, ಎಣಿಸೋವಾಗ ಬಾಯಿ ಮುಚ್ಕೊ. ಇಲ್ಲಾಂದ್ರೆ ಎರಡು ಕಾಳು ನಿನ್ನ ಬಾಯೊಳಕ್ಕೇ ಹೋಗುತ್ತೆ" ಎನ್ನುತ್ತಾರೆ. ಅವರ ದನಿಯಲ್ಲೇ ನಾನು ಅದನ್ನು ವಾಪಸು ಹೇಳುತ್ತೇನೆ, ಮೂಗು ಎಳೆಯುವುದನ್ನೂ ಸೇರಿಸಿ. ಅವರ ಹೆಂಡತಿ ಒಳಗಿನಿಂದ "ಬಂದೇ, ಅಂಬಲಿ ಬಡಿಸ್ತಿದೀನಿ" ಎಂದು ಓಗೊಡುತ್ತಾರೆ. ಅಷ್ಟು ಚೆನ್ನಾಗಿ ಬರುತ್ತದೆ.

ನನ್ನ ಹತ್ತಿರ ಊರಿನ ನಲವತ್ತು ದನಿಗಳಿವೆ. ನಲವತ್ತೊಂದನೆಯದು ಯಾರದೋ ಗೊತ್ತಿಲ್ಲ. ಒಂದು ಒರಟು ಗಂಡಸಿನ ದನಿ, ಮೊದಲು ಅರ್ಧ ಕೆಮ್ಮು, ಆಮೇಲೆ ನಗುವನ್ನು ಗಂಟಲಲ್ಲೇ ತಡೆದುಕೊಂಡು, "ಏ ಮಾರಾಯ್ತಿ, ಬಿಸಿಲು ಎದ್ದು ಕೂತಾಯ್ತು. ನಿಂದಿನ್ನೂ ಮುಗೀಲಿಲ್ವಾ?" ಎನ್ನುತ್ತದೆ. ಚಿಕ್ಕವನಿದ್ದಾಗ ಯಾರನ್ನೋ ಅಣಕಿಸಿರಬೇಕು. ಅವರು ಹೋದರು, ನೆನಪು ಹೋಯಿತು, ಗಂಟಲಿಗೆ ಮಾತ್ರ ವಿಷಯ ತಿಳಿಸಿದವರಿಲ್ಲ. ದೋಣಿಯಲ್ಲಿ ಬೇಸರವಾದಾಗ ಆ ದನಿ ತೆಗೆಯುತ್ತಿದ್ದೆ. ಯಾರೂ ನಗುತ್ತಿರಲಿಲ್ಲ. ಅಸಲು ಗೊತ್ತಿಲ್ಲದ ನಕಲಿಗೆ ನಗುವುದು ಹೇಗೆ?

ಈ ವರ್ಷದ ತಕರಾರು ಕೆರೆಯ ಬಡಗಣ ದಿಣ್ಣೆಯದು. ಅಲ್ಲಿ ಅಚ್ಚವ್ವನೆಂಬ ಮುದುಕಿ, ಆಕೆಯ ಆರು ಮೇಕೆ, ಒಂದು ಕಲ್ಲಿನ ಮನೆ. ಆಕೆಯದು ಬೊಗಸೆಹೂವಿನ ಮನೆತನ. ಆ ಹೂವು ನೆಲಕ್ಕೆ ಅಂಟಿಕೊಂಡೇ ಬೆಳೆಯುತ್ತದೆ; ಬೊಗಸೆಯೊಡ್ಡಿದ ಹಾಗೆ ಬೆಳ್ಳಗೆ ಅರಳಿ, ಸೂರ್ಯ ಹೋದ ಕಡೆಗೆ ದಿನವಿಡೀ ತಿರುಗುತ್ತದೆ. ಬೇಸಿಗೆಯಲ್ಲಿ ದಿಣ್ಣೆಗೆ ದಿಣ್ಣೆಯೇ ಕತ್ತು ತಿರುಗಿಸುವುದನ್ನು ನೋಡಬೇಕು. ದಿಣ್ಣೆಯ ನೆತ್ತಿಯ ಮೇಲೊಂದು ಕಲ್ಲುಗುಪ್ಪೆ. ದಿನಾ ಮಧ್ಯಾಹ್ನ ಅಚ್ಚವ್ವ ಹಾಲಿನ ಲೋಟ ಹಿಡಿದುಕೊಂಡು ಅದರ ಪಕ್ಕ ಕೂರುತ್ತಾಳೆ. ಅದರಡಿ ಯಾರೋ ಮಲಗಿದ್ದಾರೆ. ಯಾರೆಂದು ಆಕೆಗೂ ಗೊತ್ತಿಲ್ಲ, ಊರಿಗೂ ಗೊತ್ತಿಲ್ಲ.

ದಿಣ್ಣೆ ಬೇಕಾಗಿದ್ದುದು ಭರಮಣ್ಣನಿಗೆ, ಮೀನು ಒಣಹಾಕಲು. ಊರಿಗೆಲ್ಲ ಮೀನು ಹಂಚುವ ದೊಡ್ಡ ಕೈಯವನು. ದನಿ ಅದಕ್ಕಿಂತ ದೊಡ್ಡದು, ಈಚೆ ದಡದಲ್ಲಿ ಸೀನಿದರೆ ಆಚೆ ದಡದ ಮೇಕೆಗಳು ತಲೆಯೆತ್ತುತ್ತವೆ. ಅವನದು ಪೈನಿನ ಮನೆತನ. ಪೈನು ಮರ ಇಲ್ಲೆಲ್ಲಿ ಬರಬೇಕು? ತೆಂಕಣಕ್ಕೆ ಮೂರು ದಿನ ನಡೆದರೆ ಕಾಡು ಸಿಗುತ್ತದೆ. ಅವನ ಬಾಗಿಲಲ್ಲಿ ಒಂದು ಕುಂಡ, ಕುಂಡದಲ್ಲಿ ಗೇಣುದ್ದದ ಒಂದು ಪೈನು. ಬೆಳೆಯುವುದೂ ಇಲ್ಲ, ಸಾಯುವುದೂ ಇಲ್ಲ. ಆದರೆ ಯಾವ ಕೆಸರು ತೆಗೆದರೂ ಪೈನೇ ಪೈನು. ಈಗಾಗಲೇ ಎರಡು ದಂಡೆ ಗೆದ್ದಿದ್ದ. "ನಮ್ಮ ಹಿರೀಕರು ಎಲ್ಲಾ ಕಡೆ ಇದ್ರು ಕಣಪ್ಪಾ. ದೊಡ್ಡ ಕಾಡು ಬೆಳೆಸಿದ್ರು, ಚಳಿ ತಿಂದಾಕ್ತು" ಎನ್ನುವಾಗ ಅವನಿಗೇ ಒಂದಿಷ್ಟು ಬೆರಗು, ಸಂಕೋಚ.

ಬಡಗಣ ದಿಣ್ಣೆಯೆದುರು ಚಳಿಗಾಲದಲ್ಲಿ ತೆಗೆದಿಟ್ಟ ಕಂಬದ ಅರವತ್ತನೆಯ ಪದರವನ್ನು ನಾನೇ ಎಣಿಸಿದೆ. ಪೈನು ನೂರ ಅರವತ್ತೆಂಟು. ಜೇಕು, ಹುಲ್ಲು, ನೆಲಕ್ಕೊರಗಿದ ಭೂರ್ಜ ಉಳಿದದ್ದು. ಬೊಗಸೆಹೂವು ಸೊನ್ನೆ. ಸಂಕಣ್ಣನವರು ಒಮ್ಮೆ ಮೂಗು ಎಳೆದು, "ಅಚ್ಚವ್ವನಿಗೆ ನೀನೇ ಹೋಗಿ ಹೇಳು. ಹದಿನೈದು ದಿನಕ್ಕೆ ಸಭೆ. ಅಷ್ಟರೊಳಗೆ ಗಂಟುಮೂಟೆ ಕಟ್ಕೊಳ್ಳಲಿ" ಎಂದರು.

"ನೀವು ಹೇಳಿದ್ರೆ ಚೆನ್ನಾಗಿರುತ್ತೆ."

"ನನಗೆ ಮಂಡಿನೋವು. ನನ್ನ ದನೀಲೇ ಹೇಳು, ನಿನಗೆ ಬರುತ್ತಲ್ಲ."

ಹೋದೆ. ಅಚ್ಚವ್ವ ಕಲ್ಲುಗುಪ್ಪೆಯ ಹತ್ತಿರ ಕೂತಿದ್ದಳು. ನನಗೂ ಒಂದು ಲೋಟ ಮೇಕೆಹಾಲು ತಂದುಕೊಟ್ಟಳು. ನಾನು ಅಲ್ಲಿಗೆ ಹೋದದ್ದೇ ಕಡಿಮೆ. ಆಕೆ ಸಭೆಗೆ ಬಂದದ್ದಂತೂ ಇಲ್ಲ. ಯಾರ ದನಿಯನ್ನೂ ತೆಗೆಯುವ ಧೈರ್ಯ ಬರಲಿಲ್ಲ, ನನ್ನದನ್ನೂ ಕೂಡ. ಅಂತೂ ಹೇಳಿದೆ.

ಆಕೆ ಹೂಗಳ ಕಡೆ ನೋಡಿದಳು. "ಒಂದೂ ಇರ್ಲಿಲ್ವಾ?"

"ಇಲ್ಲ ಅಚ್ಚವ್ವ."

"ಎಣಿಸಿದ್ಯಾರು?"

"ನಾನೇ."

"ಸರಿಯಾಗಿ ಎಣಿಸಿರ್ತೀಯ ಬಿಡು. ಓದಿದೋನು." ಅದರಲ್ಲಿ ಕುಟುಕಿರಲಿಲ್ಲ, ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. "ಮನೆ ಹೋಗ್ಲಿ. ಮೇಕೆ ಎಲ್ಲಾದ್ರೂ ಮೇಯ್ತವೆ. ಈ ಕಲ್ಲಿನ ಹತ್ರ ದಿನಾ ಬಂದು ಕೂರೋಕೆ ಬಿಡ್ತಾನಾ ಭರಮ?"

"ಯಾಕೆ ಬಿಡಲ್ಲ? ಒಳ್ಳೆಯೋನು."

"ಒಳ್ಳೆಯೋನೇ. ಮೀನು ಒಣಗೋ ಜಾಗದಲ್ಲಿ ಮೇಕೆ ಬಿಡಕ್ಕಾಗುತ್ತಾ? ಮೇಕೆ ಬಿಟ್ಟು ನಾನು ಅಷ್ಟು ದೂರದಿಂದ ಬರಕ್ಕಾಗುತ್ತಾ? ಒಂದಿನ ಬರಲ್ಲ, ಎರಡು ದಿನ ಬರಲ್ಲ. ಒಂಬತ್ತು ವರ್ಷ ಕಳೆದ್ರೆ ಇಲ್ಲಿ ಕೂರ್ತಿದ್ದೆ ಅನ್ನೋದೇ ಹೋಗುತ್ತೆ. ಯಾರು ಅನ್ನೋದು ಆಗ್ಲೇ ಹೋಯ್ತು. ಯಾರೋ ಇದಾರೆ ಅನ್ನೋದಾದ್ರೂ ಉಳ್ಕೊಂಡಿತ್ತು."

ನಾನು ತಲೆ ತಗ್ಗಿಸಿ ಹಾಲು ನೋಡಿದೆ. ಅದರ ಮೇಲೆ ತೆಳ್ಳಗೆ ಹಳದಿ ಪುಡಿ ತೇಲುತ್ತಿತ್ತು.

"ಊದ್ಕೊಂಡು ಕುಡಿ" ಎಂದಳು. "ಈ ತಿಂಗಳು ತೆಂಕಣಗಾಳಿ ಎದ್ರೆ ಇದೇ ಗೋಳು. ಪಾತ್ರೆ, ಕಂಬಳಿ, ಮೇಕೆ ಮೂಗು, ಎಲ್ಲಾ ಹಳದಿ."

"ಈ ಹೂವಿನದೇ ಪುಡಿಯಾ?"

ಆಕೆ ನನ್ನ ಡಿಗ್ರಿಯನ್ನು ಅನುಮಾನದಿಂದ ನೋಡಿದಳು. "ಇದರದ್ದೆಲ್ಲಿ ಹಾರುತ್ತೆ? ಅಲ್ನೋಡು." ಒಂದು ಹೂವಿನ ಬೊಗಸೆಯೊಳಗೆ ನೊಣವೊಂದು ಬಿಸಿಲು ಕಾಯಿಸಿಕೊಳ್ಳುತ್ತ ಕೂತಿತ್ತು, ಚಳಿಯಲ್ಲಿ ಒಲೆಯ ಮುಂದೆ ಕೂತ ಅಜ್ಜನ ಹಾಗೆ, ಎದ್ದು ಹೋಗುವ ಯಾವ ಇರಾದೆಯೂ ಇಲ್ಲದೆ. "ಇಲ್ಲಿ ಬೆಚ್ಚಗಿರುತ್ತೆ ಅಂತ ಬರ್ತವೆ. ಕಾಲಿಗೆ ಒಂದಿಷ್ಟು ಮೆತ್ಕೊಂಡು ಪಕ್ಕದ ಹೂವಿಗೆ ಹೋಗಿ ಕೂರ್ತವೆ. ಮನೆಯಿಂದ ಮನೆಗೆ. ಕೆರೆವರೆಗೆ ಯಾಕೆ ಹೋಗುತ್ತೆ ಅದು?"

ಆ ಹಾಲನ್ನು ನಾನು ಊದಲಿಲ್ಲ. ಕರವಸ್ತ್ರದ ತುದಿಯಿಂದ ಪುಡಿಯನ್ನು ಒತ್ತಿಕೊಂಡು ಮನೆಗೆ ಓಡಿದೆ. ಗಾಜಿನ ಮೇಲಿಟ್ಟು ನೋಡಿದರೆ ಒಂದೊಂದು ಕಾಳಿಗೂ ಎರಡೆರಡು ಗಾಳಿಚೀಲ, ಎರಡು ಬಗಲಲ್ಲೂ ದಿಂಬು ಹಿಡಿದುಕೊಂಡು ಪ್ರಯಾಣ ಹೊರಟವರ ಹಾಗೆ. ಪೈನು. ಒಂದೂ ಬಿಡದೆ ಪೈನು. ಒಂದೂ ಪೈನಿಲ್ಲದ ದಿಣ್ಣೆಯ ಮೇಲೆ ಕರೆದ ಹಾಲಿನಲ್ಲಿ.

ಆಗ ಹೊಳೆದದ್ದು ನಮ್ಮ ಊರಿಗೇ ತಕ್ಕ ಒಂದು ದಡ್ಡತನ. ಒಂಬತ್ತು ವರ್ಷದೊಳಗಿನ ಕೆಸರನ್ನು ಯಾರೂ, ಯಾವತ್ತೂ ಓದಿರಲಿಲ್ಲ. ನೆನಪಿರುವುದನ್ನು ಕೆಸರಿಗೆ ಯಾಕೆ ಕೇಳುವುದು ಎಂದು ಮೇಲಿನ ಒಂಬತ್ತು ಪದರಗಳನ್ನು ಚಾಕುವಿನಿಂದ ಕತ್ತರಿಸಿ ಕೆರೆಗೇ ವಾಪಸು ಹಾಕುವುದು ಪದ್ಧತಿ. ಹಾಗಾಗಿ ಕೆಸರು ಹೇಳುವುದಕ್ಕೂ ಕಣ್ಣಿಗೆ ಕಾಣುವುದಕ್ಕೂ ತಾಳೆ ಇದೆಯೇ ಎಂದು ನೋಡಿದವರೇ ಇಲ್ಲ.

ಸಭೆಯ ದಿನ ಊರೆಲ್ಲ ದಿಣ್ಣೆಯ ಮೇಲೆ ಸೇರಿತು. ಬೊಗಸೆಹೂವುಗಳೆಲ್ಲ ಸೂರ್ಯನ ಕಡೆಗೆ ಮುಖ ಮಾಡಿದ್ದವು. ಅಚ್ಚವ್ವ ಮನೆಬಾಗಿಲಲ್ಲಿ ಎರಡು ಗಂಟು ಕಟ್ಟಿಟ್ಟುಕೊಂಡು ನಿಂತಿದ್ದಳು. ಸಂಕಣ್ಣನವರು ಕಲ್ಲಿನ ಮೇಲೆ ಸೂಕ್ಷ್ಮದರ್ಶಕ ಇಟ್ಟುಕೊಂಡು ಕೂತರು. ತೀರ್ಪಿಗೆ ಮುಂಚೆ ಊರಿನೆದುರು ಅವರೇ ಒಮ್ಮೆ ಎಣಿಸಬೇಕು. ನಾನು ಗಾಜು ಕೊಟ್ಟೆ.

"ಎಷ್ಟನೇ ಪದರ?"

"ಆಮೇಲೆ ಹೇಳ್ತೀನಿ. ನೀವು ಓದಿ."

"ಏನು ಕಿತಾಪತಿ ಇದು?"

"ಕೆಸರು ಸುಳ್ಳು ಹೇಳಲ್ಲ ಅಂತ ನೀವೇ ಅಂತೀರಲ್ಲ. ಪದರ ಯಾವುದಾದ್ರೇನು?"

ಅವರು ಗೊಣಗುತ್ತ ಕಣ್ಣಿಟ್ಟರು. ಮುನ್ನೂರು ಎಣಿಸುವವರೆಗೆ ಜನ ಕಡಲೆ ತಿಂದರು. ಕೊನೆಗೆ ಸಂಕಣ್ಣನವರು ತಲೆಯೆತ್ತಿ, ಸಭೆಯ ದನಿಯಲ್ಲಿ, "ಪೈನು ನೂರ ಎಪ್ಪತ್ತೊಂದು. ಬೊಗಸೆಹೂವು ಇಲ್ಲ. ಈ ಕೆಸರು ಬಿದ್ದ ವರ್ಷ ಈ ದಿಣ್ಣೆ ತುಂಬ ಪೈನು ಕಾಡಿತ್ತು. ಒಂದೇ ಒಂದು ಬೊಗಸೆಹೂವೂ ಇರಲಿಲ್ಲ" ಎಂದರು.

"ಅದು ಈ ಬೇಸಿಗೆ ಪದರ" ಎಂದೆ. "ಮೊನ್ನೆ ದೋಣಿಯಿಂದ ತೆಗೆದಿದ್ದು."

ಒಬ್ಬೊಬ್ಬರಾಗಿ ತಮ್ಮ ಕಾಲಬುಡವನ್ನು ನೋಡಿಕೊಂಡರು. ಎಲ್ಲರೂ ಹೂವಿನ ಮೇಲೆಯೇ ಕೂತಿದ್ದರು. ಭರಮಣ್ಣ ನಿಧಾನವಾಗಿ ಹಿಂದೆ ತಿರುಗಿ ದಿಣ್ಣೆಯನ್ನು ಪೂರ್ತಿ ನೋಡಿದ, ಎಲ್ಲಾದರೂ ಒಂದು ಪೈನಾದರೂ ಕಂಡೀತೇ ಎನ್ನುವಂತೆ. "ಹಂಗಾದ್ರೆ ನಮ್ಮ ಹಿರೀಕರು?" ಎಂದ. ಅವನು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇವತ್ತಿಗೂ ಅದನ್ನು ಅಣಕಿಸಲು ನನಗೆ ಬರುವುದಿಲ್ಲ.

"ನಿಮ್ಮ ಹಿರಿಯರಲ್ಲ ಭರಮಣ್ಣ, ಗಾಳಿ. ತೆಂಕಣ ಕಾಡಿನದ್ದು. ಅದು ಯಾರ ದಂಡೆಗಾದ್ರೂ ಬರುತ್ತೆ. ಅಚ್ಚವ್ವನ ಹಾಲಿಗೂ ಬರುತ್ತೆ."

ಸಂಕಣ್ಣನವರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಮೇಲೆ ಎರಗುತ್ತಾರೆಂದೇ ತಿಳಿದೆ. ಜೀವಮಾನದ ಓದು, ನೆನಪಿರುವುದು ಒಂಬತ್ತೇ ವರ್ಷದ್ದಾದರೂ ಓದೇ. ಅವರು ಮತ್ತೆ ಕಣ್ಣಿಟ್ಟರು. ಗಾಜನ್ನು ಸರಿಸಿದರು. ಇನ್ನಷ್ಟು ಸರಿಸಿದರು.

"ಮುನ್ನೂರಕ್ಕೆ ಯಾಕೆ ನಿಲ್ಲಿಸ್ತೀವಿ?" ಎಂದು ಕೇಳಿದರು.

"ಗೊತ್ತಿಲ್ಲ. ನೀವೇ ಹೇಳ್ಕೊಟ್ಟಿದ್ದು."

"ನನಗೆ ಯಾರು ಹೇಳ್ಕೊಟ್ರೋ." ಮೂಗು ಎಳೆದರು. "ಎಣಿಸೋನಿಗೆ ಹಸಿವಾಗಿರ್ಬೇಕು. ನಡಿ, ಇನ್ನೂ ಎಣಿಸೋಣ. ಇದನ್ನೂ, ಅರವತ್ತನೇದನ್ನೂ. ಅಚ್ಚವ್ವ, ಗಂಟು ಬಿಚ್ಚಬೇಡ, ಒಳಗೂ ಇಡಬೇಡ. ನಾಕು ದಿನ ಹಂಗೇ ಇರ್ಲಿ."

ನಾಲ್ಕು ದಿನ ನಾವಿಬ್ಬರೂ ಪಾಳಿಯಲ್ಲಿ ಎಣಿಸಿದೆವು. ಎರಡು ಸಾವಿರ ಕಾಳು ಈ ವರ್ಷದ್ದು, ಅರವತ್ತನೆಯ ಪದರದ್ದೂ ಎರಡು ಸಾವಿರ. ಭರಮಣ್ಣ ದಿನಾ ಮೀನಿನ ಸಾರು ತಂದು ಬಾಗಿಲಲ್ಲಿಟ್ಟು, ಏನೂ ಕೇಳದೆ ಹೋಗುತ್ತಿದ್ದ. ಈ ವರ್ಷದ ಕೆಸರಿನಲ್ಲಿ ಸಾವಿರ ದಾಟಿದ ಮೇಲೆ ಮೂರು ಸೀಳಿನ ಒಂದು ಪುಟ್ಟ ಕಾಳು ಸಿಕ್ಕಿತು. ಸಂಕಣ್ಣನವರು ನನ್ನನ್ನು ಕರೆದು, ಮಲಗಿದ ಮಗುವನ್ನು ತೋರಿಸುವ ಹಾಗೆ ತೋರಿಸಿದರು. ಬೊಗಸೆಹೂವು. ಎರಡು ಸಾವಿರಕ್ಕೆ ಒಟ್ಟು ಮೂರು. ಇಡೀ ದಿಣ್ಣೆ ಬೆಳ್ಳಗೆ ಅರಳಿದ್ದರೂ ಕೆರೆಯವರೆಗೆ ಬಂದದ್ದು ಬರೀ ಮೂರು. ಅರವತ್ತನೆಯ ಪದರ ಮುಗಿಯುವ ಹೊತ್ತಿಗೆ ನಮ್ಮಿಬ್ಬರ ಕಣ್ಣೂ ಕೆಂಪಾಗಿತ್ತು. ಅಲ್ಲಿಯೂ ಮೂರು.

"ಹಂಗಾದ್ರೆ ಆಗ್ಲೂ ದಿಣ್ಣೆ ತುಂಬ ಇತ್ತು" ಎಂದರು ಸಂಕಣ್ಣನವರು. "ಇದು ಮನೆ ಬಿಟ್ಟು ಹೊರಗೆ ಬರದ ಜಾತಿ ಕಣೋ. ಒಂದು ಕಂಡ್ರೆ ಹಿಂದೆ ಸಾವಿರ ಇದೆ ಅಂತ ಲೆಕ್ಕ. ನಾವು ಮುನ್ನೂರು ಗದ್ದಲದವರನ್ನ ಎಣಿಸಿ ಎದ್ದು ಬರ್ತಿದ್ವಿ." ಅವರು ಇಷ್ಟುದ್ದ ಮಾತಾಡಿದ್ದೇ ಹೆಚ್ಚು. ಅವರ ದನಿಯಲ್ಲಿ ವಾಪಸು ಹೇಳಬೇಕೆಂದು ನನಗೆ ಅನ್ನಿಸಲಿಲ್ಲ.

ಇಷ್ಟಕ್ಕೆ ಮುಗಿಯಬಹುದಿತ್ತು. ಆದರೆ ಎಣಿಸುವ ಚಟ ಹತ್ತಿದ ಮೇಲೆ ಬಿಡುವುದು ಕಷ್ಟ. ನಡುವಿನ ಪದರಗಳನ್ನೂ ಒಂದೊಂದಾಗಿ ನೋಡುತ್ತ ಹೋದೆ. ಎರಡು, ಮೂರು, ಎರಡು, ನಾಲ್ಕು. ಹದಿನಾಲ್ಕನೆಯ ಪದರದಲ್ಲಿ ಕೈ ನಿಂತಿತು. ಅಲ್ಲಿ ಬೊಗಸೆಹೂವಿನ ಕಾಳುಗಳು ಬಿಡಿಬಿಡಿಯಾಗಿರಲಿಲ್ಲ; ಗೊಂಚಲಾಗಿ, ಒಂದಕ್ಕೊಂದು ಅಂಟಿಕೊಂಡು, ನೂರಾರು. ಗಾಳಿ ತಂದದ್ದಲ್ಲ. ನೊಣದ ಕೆಲಸವೂ ಅಲ್ಲ. ಹೂವು ಹೂವಾಗಿಯೇ ನೀರಿಗೆ ಬಿದ್ದಾಗ ಮಾತ್ರ ಹಾಗಾಗುತ್ತದೆ.

ಅಚ್ಚವ್ವನಿಗೆ ಹೇಳಲು ಮೂವರೂ ಹೋದೆವು. ಭರಮಣ್ಣ ದಾರಿಯುದ್ದಕ್ಕೂ, ಗೆದ್ದ ಎರಡು ದಂಡೆಗಳನ್ನು ಯಾರಿಗೆ ವಾಪಸು ಕೊಡುವುದೆಂದು ಎಣಿಸಿ ನೋಡಿ ಹೇಳಿ ಎಂದು ಸಂಕಣ್ಣನವರನ್ನು ಪೀಡಿಸುತ್ತಿದ್ದ. ಬಾಗಿಲಲ್ಲಿದ್ದ ಗಂಟುಗಳನ್ನು ಅವನೇ ಎತ್ತಿ ಒಳಗಿಟ್ಟ. "ಮೇಕೆ ಕಟ್ಟೋ ಹಗ್ಗ ಸವೆದಿದೆಯಲ್ಲವ್ವ, ನಾಳೆ ಬಲೆ ಹಗ್ಗ ತಂದ್ಕೊಡ್ತೀನಿ" ಎಂದ. ಕ್ಷಮಿಸು ಎನ್ನುವುದಕ್ಕೆ ಅವನ ಭಾಷೆ ಅದು. ಆಮೇಲೆ ಅವರಿಬ್ಬರೂ ಇಳಿದು ಹೋದರು. ನಾನು ಉಳಿದೆ.

ಅಚ್ಚವ್ವ ಒಲೆಯ ಮೇಲೆ ಹಾಲಿಟ್ಟು, ಕಲ್ಲುಗುಪ್ಪೆಯ ಹತ್ತಿರ ಬಂದು ಕೂತಳು. ಹದಿನಾಲ್ಕನೆಯ ಪದರದ ವಿಷಯ ಹೇಳಿದೆ. ಹದಿನಾಲ್ಕು ಬೇಸಿಗೆಯ ಹಿಂದೆ ಈ ದಿಣ್ಣೆಯ ಹೂಗಳನ್ನು ಯಾರೋ ಮಡಿಲು ತುಂಬ ಕಿತ್ತು, ಸತ್ತವರಿಗೆ ಬಿಡುವ ಹಾಗೆ ಕೆರೆಗೆ ಬಿಟ್ಟಿದ್ದಾರೆ ಎಂದೆ.

"ನಾನೇ ಇರ್ಬೇಕು" ಎಂದಳು. ತನ್ನ ಅಂಗೈ ನೋಡಿಕೊಂಡಳು. "ನಾನು ಹೂ ಕೀಳೋಳಲ್ಲ. ಕಿತ್ತಿದೀನಿ ಅಂದ್ರೆ..." ಕಲ್ಲುಗಳನ್ನು ನೋಡಿದಳು. "ಯಾರಿಗೆ ಅಂತ ಕೆಸರಲ್ಲಿ ಇರಲ್ವಾ?"

"ಅದು ಇರಲ್ಲ ಅಚ್ಚವ್ವ."

"ಹೋಗ್ಲಿ ಬಿಡು. ಹೂ ಹಾಕಿದ್ದೆ ಅಂತಾದ್ರೂ ಗೊತ್ತಾಯ್ತಲ್ಲ." ಎದ್ದು, ಹಾಲು ನೋಡಲು ಒಳಗೆ ಹೋದಳು.

ನನಗೆ ತಡೆಯಲಾಗಲಿಲ್ಲ. ಬೇಸರವಾದಾಗ ಯಾವುದಾದರೂ ದನಿ ತೆಗೆಯುವುದು ನನ್ನ ಕೆಟ್ಟ ಚಟ. ಯಾವ ದನಿ ಬಂತೆಂದು ಬಂದ ಮೇಲೆಯೇ ತಿಳಿಯಿತು. ಅರ್ಧ ಕೆಮ್ಮು, ಆಮೇಲೆ ನಗುವನ್ನು ಗಂಟಲಲ್ಲೇ ತಡೆದುಕೊಂಡು:

"ಏ ಮಾರಾಯ್ತಿ, ಬಿಸಿಲು ಎದ್ದು ಕೂತಾಯ್ತು. ನಿಂದಿನ್ನೂ ಮುಗೀಲಿಲ್ವಾ?"

"ಬಂದೆ, ಬಂದೆ" ಎಂದಿತು ಒಳಗಿನಿಂದ ಒಂದು ದನಿ, ಅಚ್ಚವ್ವನದೇ, ಆದರೆ ನಲವತ್ತು ವರ್ಷ ಚಿಕ್ಕದು, ಹುಸಿಮುನಿಸಿನದು. "ಹಾಲಿಳಿಸಿ ಬರಬೇಡ್ವಾ?"

ಪಾತ್ರೆ ನೆಲಕ್ಕಿಟ್ಟ ಸದ್ದು. ಬಹಳ ಹೊತ್ತಾದ ಮೇಲೆ ಅಚ್ಚವ್ವ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಎರಡು ಲೋಟ. ನನ್ನನ್ನು ನೋಡಲಿಲ್ಲ. ನೆಟ್ಟಗೆ ನಡೆದು ಬಂದು ಒಂದು ಲೋಟವನ್ನು ಕಲ್ಲುಗುಪ್ಪೆಯ ಮೇಲಿಟ್ಟಳು, ಅದರ ಮೇಲಿನ ಹಳದಿ ಪುಡಿಯನ್ನು ಊದಿ.

"ಚನ್ನಿಗ" ಎಂದಳು, ಕೂತುಕೊಳ್ಳುತ್ತ. "ನಾಳೆಯೂ ಬಾ."